ಮಾಷ್ಟ್ರಿಗೆ ಕಲಿಯಲು ಪುರುಸೊತ್ತು ಬೇಡವೇ?

“ನಾಳೆ ಹತ್ತು ಗಂಟೆಗೆ ತರಬೇತಿ. ತಪ್ಪದೆ ಹಾಜರಾಗಬೇಕು.” ರಾತ್ರಿ ಫೋನಿಗೆ ಇಂಥದೊಂದು ಸಾಲು ಬಂದರೆ ಸಾಕು, ಇಬ್ಬರೇ ಅಧ್ಯಾಪಕರಿರುವ ಶಾಲೆಯಲ್ಲಿ ಮರುದಿನದ ಪಾಠ ಪಡ್ಚ! ಒಬ್ಬರು ತರಬೇತಿಗೆ ಹೊರಟರೆ ಇನ್ನೊಬ್ಬರು ಒಂದರಿಂದ ಐದರವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಬೇಕು. ಬಿಸಿಯೂಟದ ಅಕ್ಕಿ, ಮೊಟ್ಟೆಯ ಲೆಕ್ಕವೂ ಅವರ ತಲೆಗೇ. ಇಲಾಖೆಯ ಕಾಗದದಲ್ಲಿ ಇದರ ಹೆಸರು ‘ವೃತ್ತಿಪರ ಅಭಿವೃದ್ಧಿ’.

ಅಧ್ಯಾಪಕರಿಗೆ ತರಬೇತಿ ಬೇಕು ಎಂಬುದರಲ್ಲಿ ತಕರಾರಿಲ್ಲ. ಮಂಗಳೂರಿನ ಸರಕಾರಿ ಶಾಲೆಯ ಒಂದನೇ ತರಗತಿಗೆ ಹೊಕ್ಕು ನೋಡಬೇಕು. ಒಂದು ಮಗುವಿನ ಮನೆಮಾತು ತುಳು, ಇನ್ನೊಂದರದ್ದು ಬ್ಯಾರಿ, ಮತ್ತೊಂದರದ್ದು ಕೊಂಕಣಿ. ಕಟ್ಟಡದ ಕೆಲಸಕ್ಕೆ ಬಂದ ಹೊರರಾಜ್ಯದ ಕೂಲಿಯವರ ಮಗುವಿಗೆ ಹಿಂದಿ ಬಿಟ್ಟರೆ ಬೇರೆ ತಿಳಿಯದು. ಪುಸ್ತಕ ಮಾತ್ರ ಕನ್ನಡದ್ದು. ಸಾಲದ್ದಕ್ಕೆ 2019ರಲ್ಲಿ ರಾಜ್ಯದ 1000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತು. ತಾವೇ ಕನ್ನಡದಲ್ಲಿ ಓದಿ ಬಂದ ಟೀಚರು ಈಗ ಲೆಕ್ಕವನ್ನು ಇಂಗ್ಲಿಷಿನಲ್ಲಿ ಹೇಳಿಕೊಡಬೇಕು. ಇಪ್ಪತ್ತು ವರ್ಷಗಳ ಸರ್ವಿಸ್ ಇದ್ದ ಮಾತ್ರಕ್ಕೆ ಇದೆಲ್ಲ ತಾನಾಗಿ ಬರುತ್ತದೆಯೇ?

ವ್ಯವಸ್ಥೆಗೇನೂ ಕೊರತೆ ಇಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ‘ಡಯಟ್’ ಕೊಡಿಯಾಲ್‌ಬೈಲಿನಲ್ಲೇ ಇದೆ. ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿವೆ, ಸಿ.ಆರ್.ಪಿ.ಗಳಿದ್ದಾರೆ. 2017ರಲ್ಲಿ ‘ದೀಕ್ಷಾ’ ಬಂತು, 2019ರಲ್ಲಿ ‘ನಿಷ್ಠಾ’ ಬಂತು. ವರ್ಷಕ್ಕೆ ಕನಿಷ್ಠ 50 ಗಂಟೆ ಪ್ರತಿ ಶಿಕ್ಷಕರೂ ಕಲಿಯಬೇಕೆಂದು 2020ರ ನೀತಿ ಹೇಳಿತು. ಆದರೆ ಆ 50 ಗಂಟೆ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಕಡೆಗೆ ಫೋನಿನಲ್ಲಿ ವಿಡಿಯೋ ತನ್ನಷ್ಟಕ್ಕೆ ಓಡುತ್ತದೆ, ಟೀಚರು ಅಡುಗೆಮನೆಯಲ್ಲಿ ಗಂಜಿ ಬಸಿಯುತ್ತಾರೆ. ಸರ್ಟಿಫಿಕೇಟು ಬರುತ್ತದೆ; ಒಂದನೇ ತರಗತಿಯ ಬ್ಯಾರಿ ಮಗು ಇದ್ದಲ್ಲೇ ಇರುತ್ತದೆ.

ಇದಕ್ಕೆ ದಾರಿ ಇಲ್ಲವೆಂದಲ್ಲ, ಕರ್ನಾಟಕವೇ ಅದನ್ನು ತೋರಿಸಿಕೊಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಪಾಠದ ಕ್ರಮವನ್ನು ಕಣ್ಣಾರೆ ಕಂಡರು. ಊರಿಗೆ ಮರಳಿ ಒಟ್ಟಿಗೆ ಕುಳಿತು ತಮ್ಮ ಮಕ್ಕಳಿಗೆ ಒಗ್ಗುವ ಕಾರ್ಡುಗಳನ್ನು ತಾವೇ ಬರೆದರು. ‘ನಲಿ-ಕಲಿ’ ಹುಟ್ಟಿದ್ದು ಹಾಗೆ. 2009ರ ಹೊತ್ತಿಗೆ ಅದು ರಾಜ್ಯದ ಎಲ್ಲಾ ಕನ್ನಡ ಮಾಧ್ಯಮದ ಸರಕಾರಿ ಪ್ರಾಥಮಿಕ ಶಾಲೆಗಳಿಗೂ ಹೋಯಿತು. ವಿಪರ್ಯಾಸವೆಂದರೆ, ಶಿಕ್ಷಕರು ಕಟ್ಟಿದ ಕ್ರಮವೇ ಮುಂದೆ ಉಳಿದವರ ಪಾಲಿಗೆ ಮೇಲಿನಿಂದ ಬಂದ ಇನ್ನೊಂದು ಸುತ್ತೋಲೆಯಾಯಿತು.

ಅಷ್ಟು ದೂರ ಹೋಗಬೇಕಿಲ್ಲ. ಪಂಜೆ ಮಂಗೇಶರಾಯರು ಇದೇ ಜಿಲ್ಲೆಯಲ್ಲಿ ಮಾಷ್ಟ್ರಾಗಿದ್ದವರು, ಬಳಿಕ ಶಾಲೆಗಳ ಇನ್‌ಸ್ಪೆಕ್ಟರಾದವರು. ಕುಂದು ಹುಡುಕಿ ವರದಿ ಬರೆದು ಸುಮ್ಮನಿರಬಹುದಿತ್ತು. ಅವರು ಮಕ್ಕಳಿಗೆ ಕತೆ, ಪದ್ಯ ಬರೆದುಕೊಟ್ಟರು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಮರುದಿನ ತರಗತಿಯಲ್ಲಿ ಬಳಸಲು ಬರುವಂಥದ್ದು ಮಾಷ್ಟ್ರ ಕೈಗೆ ಸಿಗಬೇಕು ಎಂಬುದು ಅಂದೇ ತಿಳಿದಿದ್ದ ಸಂಗತಿ.

ಸಮಯವಿಲ್ಲ ಎಂಬ ಸಬೂಬು ನಡೆಯದು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹೇಳುತ್ತದೆ. ಆದರೂ 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರು ಶಿಕ್ಷಕರೇ. ಅದಕ್ಕಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ಎಳೆಯಲಾಯಿತು. ಸಮೀಕ್ಷೆಗೆ ಅಷ್ಟು ದಿನ ಹೊಂದಿಸಬಲ್ಲ ಸರಕಾರಕ್ಕೆ ಕಲಿಕೆಗೆ ತಿಂಗಳಿಗೆ ಅರ್ಧ ದಿನ ಹೊಂದಿಸಲು ಆಗದೇ?

ಅಧ್ಯಾಪಕರೂ ಎದೆ ಮುಟ್ಟಿಕೊಳ್ಳಬೇಕು. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಚಾ ಕುಡಿದು, ಮಧ್ಯಾಹ್ನದ ಬಸ್ಸು ಹಿಡಿಯುವವರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಂಥವರಿಂದಾಗಿ ನಿಜವಾಗಿ ಕಲಿಯಬೇಕೆಂದು ಬಂದವರ ಮಾತಿಗೂ ಬೆಲೆ ಇಲ್ಲದಂತಾಗಿದೆ.

ಮಂಗಳೂರು ಉತ್ತರ, ದಕ್ಷಿಣ ವಲಯಗಳ ಶಿಕ್ಷಣಾಧಿಕಾರಿಗಳು ಮನಸ್ಸು ಮಾಡಿದರೆ ಮೂರು ಕೆಲಸ ನಾಳೆಯೇ ಆಗಬಹುದು. ತರಬೇತಿಯ ವಿಷಯ ಗೊತ್ತುಮಾಡುವ ಮೊದಲು ತರಗತಿಯಲ್ಲಿ ಏನು ಕಷ್ಟವೆಂದು ಶಿಕ್ಷಕರನ್ನೇ ಕೇಳಬೇಕು. ಕ್ಲಸ್ಟರ್ ಸಭೆಯಲ್ಲಿ ಅಂಕಿಅಂಶ ಕೇಳುವುದನ್ನು ನಿಲ್ಲಿಸಿ, ಪಾಠದ ಮಾತಿಗೇ ಅದನ್ನು ಮೀಸಲಿಡಬೇಕು. ಇಬ್ಬರೇ ಇರುವ ಶಾಲೆಯಿಂದ ಒಬ್ಬರನ್ನು ಕರೆಸುವುದಾದರೆ ಬದಲಿ ಜನ ಕೊಟ್ಟೇ ಕರೆಸಬೇಕು.

ತರಬೇತಿ ಎಷ್ಟು ಗಂಟೆ ನಡೆಯಿತು ಎಂಬ ಲೆಕ್ಕ ಇಲಾಖೆಯ ಕಡತಕ್ಕಿರಲಿ. ಸೋಮವಾರ ಬೆಳಿಗ್ಗೆ ಹಿಂದಿನ ಬೆಂಚಿನ ಮಗು ಬಾಯಿ ಬಿಟ್ಟಿತೇ? ಊರವರು ಕೇಳಬೇಕಾದ ಲೆಕ್ಕ ಅದು.