ಜೇನುನೊಣದ ವಿಷ ಕ್ಯಾನ್ಸರ್ ಕೋಶಗಳನ್ನಷ್ಟೇ ಕೊಲ್ಲುತ್ತದೆಯೇ?

ಹಾಗೆನ್ನುವ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ನಿಜವೆಷ್ಟು, ನೋಡೋಣ.

ಈ ವಿಷದ ಮುಖ್ಯ ಅಂಶ ಮೆಲಿಟಿನ್. 26 ಅಮೈನೋ ಆಮ್ಲಗಳ ಈ ಸರಪಳಿ ಕೋಶಪೊರೆಗೆ ತಗುಲಿದಾಗ ಸ್ಪ್ರಿಂಗ್‌ನಂತೆ ಸುರುಳಿಯಾಗುತ್ತದೆ. ಸುರುಳಿಯ ಒಂದು ಮಗ್ಗುಲು ನೀರಿಗೆ ಒಗ್ಗುತ್ತದೆ, ಇನ್ನೊಂದು ಕೊಬ್ಬಿಗೆ. ಪೊರೆಯ ಒಳಪದರ ಕೊಬ್ಬಿನದು. ಹಾಗಾಗಿ ಮೆಲಿಟಿನ್ ಕಡಿಮೆಯಿದ್ದಾಗ ಸುರುಳಿಗಳು ನೀರಲ್ಲಿ ತೇಲುವ ಕೊರಡಿನಂತೆ, ಅರ್ಧ ಮುಳುಗಿ, ಪೊರೆಯ ಮೇಲೆ ಅಡ್ಡ ಮಲಗಿರುತ್ತವೆ. ಹೆಚ್ಚಾದರೆ ಕೆಲವು ನೆಟ್ಟಗೆ ತಿರುಗಿ ಪೊರೆಯೊಳಗೆ ತೂರುತ್ತವೆ. ತೂತು ಬಿದ್ದ ಕೋಶ ಸೋರಿ ಸಾಯುತ್ತದೆ.

ಪ್ರಯೋಗಾಲಯದಲ್ಲಿ ಇದರಿಂದ ಕ್ಯಾನ್ಸರ್ ಕೋಶಗಳು ಸಾಯುವುದು ನಿಜ. ಆದರೆ ಮೆಲಿಟಿನ್ ನಮ್ಮ ಕೆಂಪು ರಕ್ತಕಣಗಳನ್ನೂ ಹೀಗೆಯೇ ಒಡೆಯುತ್ತದೆ. ಜೊತೆಗೆ, ಅಲರ್ಜಿಯಿರುವವರಿಗೆ ಜೇನಿನ ಒಂದೇ ಕಡಿತ ಪ್ರಾಣಕ್ಕೆ ಕುತ್ತಾಗಬಹುದು.

ನಾವು ಹೇಳುವುದಿಷ್ಟೇ: ಚಿಕಿತ್ಸೆ ಬಿಟ್ಟು ಜೇನು ಕಚ್ಚಿಸಿಕೊಳ್ಳಲು ಹೋಗಬೇಡಿ.