ಬೆಟ್ಟಕ್ಕೂ ಹೊರುವ ಮಿತಿಯಿದೆ



ಬದರಿ ಯಾತ್ರಿಕರೂ ಔಲಿಯ ಹಿಮ ನೋಡಹೋಗುವವರೂ ತಂಗುವ ಊರು ಉತ್ತರಾಖಂಡದ ಜೋಶಿಮಠ. ಅದು ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಹಳೆಯ ಭೂಕುಸಿತದ ಮಣ್ಣುಕಲ್ಲಿನ ರಾಶಿಯ ಮೇಲೆ. ಅಲ್ಲಿ ಭಾರಿ ಕಟ್ಟಡ ಬೇಡ, ಮರ ಕಡಿಯಬೇಡಿ ಎಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. ಕೇಳಿದವರಿಲ್ಲ. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕುಬಿಟ್ಟವು. ವಾಲಿದ ಹೋಟೆಲುಗಳನ್ನು ಕೆಡವಬೇಕಾಯಿತು.

ಸರ್ಕಾರಿ ಎಂಜಿನಿಯರನಾಗಿ ನಾನೂ ಗುಡ್ಡ ಕಡಿದು ರಸ್ತೆ ಮಾಡಿಸಿದವನು. ನೀರಿನ ದಾರಿ ಮರೆತದ್ದೂ ಉಂಟು. ಇಳಿಜಾರಿನಲ್ಲಿ ಇಂಗಿದ ಬಚ್ಚಲ ನೀರು ಮಣ್ಣಿನ ಹಿಡಿತ ಸಡಿಲಿಸುತ್ತದೆ. ಬಾಗಿಲವರೆಗೆ ಕಾರು, ಕೋಣೆಗೊಂದು ಬಚ್ಚಲು ಕೇಳುವ ನಮ್ಮ ಭಾರವೂ ಆ ಮಣ್ಣಿನ ಮೇಲಿದೆ.

ಹೋಗುವುದಾದರೆ ಬೇಡಿಕೆ ತಗ್ಗಿಸಿ ಹೋಗೋಣ. ನಮ್ಮ ದರ್ಶನಕ್ಕಾಗಿ ಅಲ್ಲಿಯವರು ಮನೆ ಕಳೆದುಕೊಂಡರೆ ಅದೆಂಥ ಪುಣ್ಯ?