ಮಿಲಿಟರಿ ಗಾಡಿಗೆ ತಂಪುಯಂತ್ರ

ಬೆಂಗಳೂರಿಗೆ ಬೀಸಣಿಗೆಯೇ ಸಾಕು, ತಂಪುಯಂತ್ರವೇಕೆ ಎಂದು ಹಿರಿಯರು ಹೇಳುತ್ತಿದ್ದ ಕಾಲವೊಂದಿತ್ತು. 2016ರ ಏಪ್ರಿಲ್ ತಿಂಗಳಲ್ಲಿ ಈ ಊರಿನ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ಸಿಗೆ ಏರಿದ ಮೇಲೆ ಆ ಮಾತನ್ನಾಡುವವರು ವಿರಳರಾಗಿದ್ದಾರೆ. ಮನೆಗೂ ಕಾರಿಗೂ ಬಂದ ತಂಪುಯಂತ್ರ ಈಗ ಅದನ್ನು ಎಂದೂ ಬಯಸದಿದ್ದ ಒಂದು ವಾಹನಕ್ಕೂ ಬರತೊಡಗಿದೆ. ಸೇನೆಯವರು ಬಳಸಿ ಕೈಬಿಟ್ಟ, ಹರಾಜಿನ ಮೂಲಕ ನಾಗರಿಕರ ಕೈಸೇರಿದ ಜೀಪು, ಜಿಪ್ಸಿಗಳನ್ನು ಕುರಿತು ನಾವು ಹೇಳುತ್ತಿದ್ದೇವೆ. ಇಂಥ ಗಾಡಿಗೆ ತಂಪುಯಂತ್ರವನ್ನು ಜೋಡಿಸುವ ವಿಷಯದಲ್ಲಿ ನಮಗೆ ಖಚಿತವಾದ ಅಭಿಪ್ರಾಯವೊಂದುಂಟು. ಭೌತಶಾಸ್ತ್ರದ ಪುಸ್ತಕಗಳನ್ನು ಓದಿಯೂ, ಓದಿಸಿಯೂ, ಮೋಸಹೋದ ಮೇಲೆ ನಮಗೆ ಅದು ಲಭಿಸಿತು.

ಕಮರ್ಷಿಯಲ್ ಸ್ಟ್ರೀಟಿನ ಜವಳಿ ಅಂಗಡಿಗಳನ್ನು ದಾಟಿ ಶಿವಾಜಿನಗರದ ಕಡೆಗೆ ಸ್ವಲ್ಪ ದೂರ ನಡೆದರೆ ಗುಜರಿ ಬೀದಿಗಳು ಎದುರಾಗುತ್ತವೆ. ಬಿಚ್ಚಿ ಹಾಕಿದ ಕಾರುಗಳ ಕಂಪ್ರೆಸರು, ಕಾಯಿಲು, ಫ್ಯಾನು, ಕೊಳವೆಗಳೆಲ್ಲ ಅಲ್ಲಿ ರಾಶಿರಾಶಿಯಾಗಿ ಬಿದ್ದಿರುತ್ತವೆ. 1809ರಲ್ಲಿ ಬ್ರಿಟಿಷರ ದಂಡು ನೆಲೆನಿಂತಂದಿನಿಂದ ಈ ಪ್ರದೇಶಕ್ಕೂ ಸೈನ್ಯಕ್ಕೂ ನಂಟು. 1943ರಲ್ಲಿ ಇಲ್ಲಿನ ವಿಮಾನ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆಗೆ ಒಪ್ಪಿಸಲಾಗಿತ್ತು. ಮಹಾಯುದ್ಧ ಮುಗಿದ ಮೇಲೆ 'ಡಿಸ್ಪೋಸಲ್' ಎಂಬ ಶಬ್ದ ನಮ್ಮ ಜನರ ಬಾಯಲ್ಲಿ ಕನ್ನಡವೇ ಆಗಿಹೋಯಿತು; ಡಿಸ್ಪೋಸಲ್ ಜೀಪು ಮಲೆನಾಡಿನ ತೋಟಗಳವರೆಗೂ ಹತ್ತಿತು.

ಆ ಕಾಲದ ವಿಲ್ಲಿಸ್ ಜೀಪಿಗೆ ತಂಪುಯಂತ್ರ ಬೇಕೆನ್ನುವವರೂ ಇದ್ದಾರೆ. ಅವರಿಗೆ ಉತ್ತರ ಸುಲಭ. ಅದರ ಎಂಜಿನ್ನಿಗೆ 60 ಅಶ್ವಶಕ್ತಿಯಿದ್ದರೂ ವಿದ್ಯುತ್ತಿನ ಏರ್ಪಾಡು 6 ವೋಲ್ಟಿನದು. ಜನರೇಟರು ಕೊಡಬಲ್ಲದ್ದು 40 ಆಂಪಿಯರ್, ಎಂದರೆ ಒಟ್ಟು 240 ವಾಟ್. ತಂಪುಯಂತ್ರದ ಎರಡು ಫ್ಯಾನುಗಳೂ ಕಂಪ್ರೆಸರಿನ ಕ್ಲಚ್ಚೂ ಸೇರಿ 12 ವೋಲ್ಟಿನಲ್ಲಿ ಸುಮಾರು 25 ಆಂಪಿಯರ್, ಅಂದರೆ 300 ವಾಟ್ ಬೇಡುತ್ತವೆ. ದೀಪ ಹೊತ್ತಿಸುವ ಮೊದಲೇ ಲೆಕ್ಕ ಮುಗಿದುಹೋಯಿತು. ಜಿಪ್ಸಿಯ ವಿಷಯ ಬೇರೆ. 1985ರಲ್ಲಿ ಹುಟ್ಟಿ ಮುಂದೆ ಸೇನೆಯ ಅಚ್ಚುಮೆಚ್ಚಾದ ಈ ಗಾಡಿಯ 1.3 ಲೀಟರಿನ ಎಂಜಿನ್ನಿಗೆ 80 ಅಶ್ವಶಕ್ತಿಯಿದೆ. ವಿದ್ಯುತ್ತೂ 12 ವೋಲ್ಟಿನದು. ಆದುದರಿಂದ ಆಸೆ ಹುಟ್ಟುವುದು ಸಹಜ.

ನಮ್ಮ ಹಳೆಯ ಸಹಪಾಠಿಗಳೊಬ್ಬರಿಗೂ ಹುಟ್ಟಿತು. ಕ್ಯಾನ್‌ವಾಸ್ ಹುಡ್ಡಿನ ಜಿಪ್ಸಿಯೊಂದನ್ನು ಕೊಂಡು ತಂದವರೇ, "ಎಷ್ಟು ಟನ್ನಿನದು ಬೇಕು, ಮೇಷ್ಟ್ರೇ? ನೀವು ಹೇಳಿದ್ದನ್ನೇ ಹಾಕಿಸುತ್ತೇನೆ" ಎಂದರು. ಅವರ ತಾಯಿಗೆ ಎಪ್ಪತ್ತು ದಾಟಿದೆ, ಸೆಕೆ ತಡೆಯದು. ನಾವು ಸಂತೋಷದಿಂದ ಕಾಗದ, ಪೆನ್ಸಿಲು ಹಿಡಿದು ಕುಳಿತೆವು.

ತಂಪುಯಂತ್ರವು ತಂಪನ್ನು ತಯಾರಿಸುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಮೊದಲು ಮನಗಾಣಬೇಕು. ಒಳಗಿನ ಉಷ್ಣವನ್ನು ಮೊಗೆದು ಹೊರಗೆ ಸುರಿಯುವುದೇ ಅದರ ಕೆಲಸ. ಮೊಗೆಯುವ ಪಾತ್ರೆ ಒಂದು ದ್ರವ. ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವ ಆರ್-134ಎ ಎಂಬುದು ಸಾಧಾರಣ ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಒಳಗಿನ ಕಾಯಿಲಿನಲ್ಲಿ ಸುಮಾರು ಮೂರು ವಾಯುಭಾರದ ಒತ್ತಡದಲ್ಲಿ ಅದು ಆವಿಯಾಗುವಾಗ ಬೇಕಾದ ಗುಪ್ತೋಷ್ಣವನ್ನು ಗಾಡಿಯೊಳಗಿನ ಗಾಳಿಯಿಂದ ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಹದಿನೈದು ಹದಿನಾರು ವಾಯುಭಾರಕ್ಕೆ ಅದುಮುತ್ತದೆ. ಆಗ ಅದು ಹೊರಗಿನ ಬಿಸಿಲಿಗಿಂತಲೂ ಬಿಸಿಯಾಗಿ, ರೇಡಿಯೇಟರಿನ ಮುಂದಿನ ಕಂಡೆನ್ಸರಿನಲ್ಲಿ ಉಷ್ಣವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಗುಜರಿಯ ಮೇಸ್ತ್ರಿಗೆ ಗುಪ್ತೋಷ್ಣದ ಹೆಸರು ತಿಳಿಯದಿರಬಹುದು. ಆದರೆ ಒಂದು ಕೊಳವೆ ಕೈಸುಡಬೇಕು, ಇನ್ನೊಂದು ಬೆವರಬೇಕು ಎಂಬುದು ಅವನಿಗೆ ಗೊತ್ತು. ನಮ್ಮ ಪದವಿ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಆ ಎರಡು ಕೊಳವೆಗಳನ್ನು ಮುಟ್ಟಿ ನೋಡಿದ್ದಾರೆ?

ಇನ್ನು ಲೆಕ್ಕ. ಸೂರ್ಯ ನೆತ್ತಿಯ ಮೇಲಿರುವಾಗ ಚದರ ಮೀಟರಿಗೆ ಸುಮಾರು 1000 ವಾಟ್ ಬಿಸಿಲು ಬೀಳುತ್ತದೆ. ಆಲಿವ್ ಹಸುರಿನ ಕ್ಯಾನ್‌ವಾಸು ಅದರ ಬಹುಭಾಗವನ್ನು ಹೀರಿ 60 ಡಿಗ್ರಿಗೆ ಕಾಯುತ್ತದೆಂದು ಹಿಡಿಯೋಣ. ಒಳಗನ್ನು 25 ಡಿಗ್ರಿಯಲ್ಲಿಡಬೇಕು. ಚಾವಣಿಯ ವಿಸ್ತೀರ್ಣ ಮೂರೂವರೆ ಚದರ ಮೀಟರ್. ಡಿಗ್ರಿಯೊಂದಕ್ಕೆ ಚದರ ಮೀಟರಿನಿಂದ 8 ವಾಟ್ ಒಳಗಿಳಿದರೆ, 35 ಡಿಗ್ರಿಯ ಅಂತರಕ್ಕೆ 980 ವಾಟ್ ಆಯಿತು. ಕಿಟಕಿಗಳಿಂದ ಒಂದು 500. ಮನುಷ್ಯನೊಬ್ಬ ಸುಮ್ಮನೆ ಕುಳಿತಿದ್ದರೂ 100 ವಾಟಿನ ಒಲೆಯಾದುದರಿಂದ ನಾಲ್ವರಿಗೆ 400. ಒಟ್ಟು ಎರಡು ಕಿಲೋವಾಟಿಗೆ ಸ್ವಲ್ಪ ಕಡಮೆ. ಟನ್ ಎಂಬ ಮಾನ ಮಂಜುಗಡ್ಡೆಯ ವ್ಯಾಪಾರದಿಂದ ಬಂದುದು: 2000 ಪೌಂಡು ಮಂಜುಗಡ್ಡೆ ಒಂದು ದಿನದಲ್ಲಿ ಕರಗಿ ಹೀರುವಷ್ಟು ಉಷ್ಣ, ಅಂದರೆ ಸುಮಾರು 3.5 ಕಿಲೋವಾಟ್. "ಒಂದು ಟನ್ ಧಾರಾಳವಾಗಿ ಸಾಕು" ಎಂದು ತೀರ್ಪಿತ್ತೆವು.

ಗಾಡಿ ಸಿದ್ಧವಾಯಿತು. ನಿಂತಾಗ ಅಷ್ಟಿಷ್ಟು ತಂಪು. ಹೊರಟರೆ ಅದೂ ಇಲ್ಲ. ನಮ್ಮ ಲೆಕ್ಕದಲ್ಲಿ ಗಾಳಿಯನ್ನೇ ಮರೆತಿದ್ದೆವು! ಗಾಡಿಯ ಒಳಗೆ ಸುಮಾರು 3 ಘನಮೀಟರ್ ಗಾಳಿಯಿರುತ್ತದೆ. 37 ಡಿಗ್ರಿಯ ಒಂದು ಘನಮೀಟರ್ ಗಾಳಿಯನ್ನು 25ಕ್ಕೆ ಇಳಿಸಲು ಹೆಚ್ಚುಕಡಮೆ 13 ಕಿಲೋಜೂಲ್ ತೆಗೆಯಬೇಕು. ನಿಮಿಷಕ್ಕೊಮ್ಮೆ ಒಳಗಿನ ಗಾಳಿಯೆಲ್ಲ ಬದಲಾದರೆ 600 ವಾಟಿನಷ್ಟು ಹೊರೆ. ಅದನ್ನು ಯಂತ್ರ ತಡೆದೀತು. ಹುಡ್ಡಿನ ಅಂಚುಗಳು ಪಟಪಟನೆ ಬಡಿಯುತ್ತ ಗಾಡಿ ಓಡುವಾಗ ನಿಮಿಷಕ್ಕೆ ಹತ್ತು ಬಾರಿ ಬದಲಾದರೆ ಹೊರೆ 6 ಕಿಲೋವಾಟನ್ನು ಮೀರುತ್ತದೆ. ಬಿಸಿಲು, ಕಿಟಕಿ, ಜನ, ಎಲ್ಲವೂ ಸೇರಿ ತಂದದ್ದಕ್ಕಿಂತ ಸಂದುಗಳಿಂದ ಬಂದದ್ದೇ ಮೂರು ಪಾಲು! ಕರಾವಳಿಯಲ್ಲಾದರೆ ಇನ್ನೂ ಕಷ್ಟ. ಮಂಗಳೂರಿನ 32 ಡಿಗ್ರಿಯ ತೇವದ ಗಾಳಿಯ ಪ್ರತಿ ಘನಮೀಟರಿನಿಂದ 14 ಗ್ರಾಮಿನಷ್ಟು ನೀರನ್ನು ಇಳಿಸಬೇಕಾಗುತ್ತದೆ. ಗಾಳಿಯನ್ನು ತಣಿಸಲು ಬೇಕಾದುದರ ನಾಲ್ಕು ಪಟ್ಟು ಶಕ್ತಿ ಆ ನೀರಿಗೇ ವ್ಯಯವಾಗುತ್ತದೆ. ತೂತುಬಿದ್ದ ಹರಿಗೋಲಿನಲ್ಲಿ ಕುಳಿತು, ಬೊಗಸೆ ಚಿಕ್ಕದಾಯಿತೆಂದು ಬಿಂದಿಗೆ ತರಿಸುವವನನ್ನು ಏನೆನ್ನಬೇಕು?

ಆದರೂ ಬಹುಮಂದಿ ಬಿಂದಿಗೆಯನ್ನೇ ತರಿಸುತ್ತಾರೆ. ದೊಡ್ಡ ಕಂಪ್ರೆಸರು ಹಾಕಿಸಿದರೆ ಎಂಜಿನ್ನು ಕಾಯುತ್ತದೆ. 3 ಕಿಲೋವಾಟ್ ಉಷ್ಣವನ್ನು ಒಳಗಿನಿಂದ ತೆಗೆಯಲು ಕಂಪ್ರೆಸರು ತಾನು 1.5 ಕಿಲೋವಾಟ್, ಎಂದರೆ 2 ಅಶ್ವಶಕ್ತಿ ತೆಗೆದುಕೊಂಡರೆ, ಹೊರಗೆ ಸುರಿಯಬೇಕಾದುದು ಎರಡೂ ಸೇರಿ 4.5 ಕಿಲೋವಾಟ್. ಅದನ್ನೆಲ್ಲ ರೇಡಿಯೇಟರಿನ ಮುಂದೆಯೇ ಸುರಿಯುತ್ತೇವೆ. ನಿಂತ ಗಾಡಿಯ ಫ್ಯಾನು ಸೆಕೆಂಡಿಗೆ 300 ಗ್ರಾಂ ಗಾಳಿಯನ್ನು ಎಳೆದರೆ, 37 ಡಿಗ್ರಿಯ ಗಾಳಿ ರೇಡಿಯೇಟರನ್ನು ಮುಟ್ಟುವಾಗ 52 ಡಿಗ್ರಿಯಾಗಿರುತ್ತದೆ. ಸಂತೆಯ ಬೀದಿಯಲ್ಲಿ ತೆವಳುವ ಗಾಡಿಯ ಉಷ್ಣಸೂಚಿಯ ಮುಳ್ಳು ಏಕೆ ಏರುತ್ತದೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ನಮ್ಮ ಮಿತ್ರರು ದೊಡ್ಡ ಯಂತ್ರದ ಗೋಜಿಗೆ ಹೋಗಲಿಲ್ಲ. ತಪ್ಪನ್ನೊಪ್ಪಿಕೊಂಡು ನಾವೇ ಹೇಳಿದೆವು: "ಸಂದುಗಳನ್ನು ಮುಚ್ಚಿಸಿ." ಹುಡ್ಡಿನ ಸುತ್ತ ರಬ್ಬರಿನ ಅಂಚು, ಪಕ್ಕಗಳಿಗೆ ಜಿಪ್ಪು ಹಾಕಿದ ಪಾರದರ್ಶಕ ಪರದೆ, ಚಾವಣಿಯ ಒಳಮೈಗೆ ಫೋಮು, ಹೊರಮೈಗೆ ಬಿಳಿಯ ಹೊದಿಕೆ, ಎಲ್ಲವನ್ನೂ ಹೊಲಿಸಿದರು. ಗಾಡಿ ತಣ್ಣಗಾಯಿತು. ಶಾಸ್ತ್ರ ಗೆದ್ದಿತೆಂದು ನಾವು ಹಿಗ್ಗಿದೆವು.

ಹಿಂದಿನ ಬೇಸಗೆಯಲ್ಲಿ ಅವರ ಮನೆಯ ಮದುವೆಗೆ ಜವಳಿ ತರಲೆಂದು ಎಲ್ಲರೂ ಕಮರ್ಷಿಯಲ್ ಸ್ಟ್ರೀಟಿಗೆ ಹೋದೆವು. ಹೆಂಗಸರು ಸೀರೆಯಂಗಡಿಗೆ ಹೋದರು. ಬಿಸಿಲಿಗೆ ಬಳಲಿದ ವೃದ್ಧೆಯೊಡನೆ ನಾವು ಅಡ್ಡಬೀದಿಯ ಬದಿಯಲ್ಲಿ ಗಾಡಿಯೊಳಗೇ ಉಳಿದೆವು. ಎಂಜಿನ್ನು ಓಡುತ್ತಿತ್ತು, ಪರದೆಗಳ ಜಿಪ್ಪುಗಳೆಲ್ಲ ಬಿಗಿದಿದ್ದವು. ಅರ್ಧ ಗಂಟೆಯ ಮೇಲೆ ಆಕೆ, "ಯಾಕೋ ತಲೆ ಸಿಡಿಯುತ್ತಿದೆಯಪ್ಪಾ" ಎಂದರು. ನಮಗೂ ಹಣೆ ಭಾರವಾಗಿತ್ತು. ಬಿಸಿಲಿನಿಂದ ಬಂದದ್ದೆಂದು ಸಮಾಧಾನ ಹೇಳಿ, ತಂಪನ್ನು ಇನ್ನಷ್ಟು ಹೆಚ್ಚಿಸಿದೆವು. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ. ಸ್ವಲ್ಪ ಹೊತ್ತಿಗೆ ಆಕೆ ಕರೆದರೆ ಮಾತಾಡದೆ ತೂಗತೊಡಗಿದರು. ವಾಕರಿಕೆ ಬಂದಂತಾಗಿ ನಾವು ಪರದೆಯನ್ನು ಸರ್ರನೆ ತೆರೆದೆವು. ಇಬ್ಬರನ್ನೂ ಉಳಿಸಿದ್ದು ಆ ವಾಕರಿಕೆಯೇ ಇರಬೇಕು. ಹೊರಗಿನ ಗಾಳಿಯಲ್ಲಿ ಕುಳ್ಳಿರಿಸಿದಾಗ ಆಕೆ ಕಣ್ಣು ಬಿಟ್ಟರು. ಆ ಸಂಜೆ ವೈದ್ಯರಿಗೂ ತೋರಿಸಿದೆವು. ಮಾರನೆಯ ದಿನ ಚೇತರಿಸಿಕೊಂಡರು.

ಮರುದಿನ ಬಾನೆಟ್ಟು ಎತ್ತಿದಾಗ, ಎಂಜಿನ್ನಿಗೂ ಹೊಗೆಕೊಳವೆಗೂ ನಡುವಿನ ಗ್ಯಾಸ್ಕೆಟ್ಟು ಒಡೆದು ಸುತ್ತಲೂ ಮಸಿ ಹಿಡಿದಿತ್ತು. ತಂಪುಯಂತ್ರದ ಕೊಳವೆಗಳನ್ನು ಒಳಕ್ಕೆ ತರಲು ಎಂಜಿನ್ನಿನ ಹಿಂದಿನ ತಗಡಿನಲ್ಲಿ ಕೊರೆದ ರಂಧ್ರ ಅದರ ಸಮೀಪದಲ್ಲೇ ಇತ್ತು. ಕೊಳವೆಯ ಸುತ್ತ ಬೆರಳು ತೂರುವಷ್ಟು ಸಂದು. ಮೇಲಿನ ಸಂದುಗಳನ್ನು ನಾವು ಮುಚ್ಚಿಸಿದ್ದೆವು, ಕೆಳಗಿನವನ್ನು ನೋಡಿರಲಿಲ್ಲ. ತೆರೆದ ಜೀಪಿನಲ್ಲಿ ಇಂಥ ಸೋರಿಕೆ ವರ್ಷಗಟ್ಟಲೆ ಇದ್ದರೂ ಯಾರಿಗೂ ತಿಳಿಯದು, ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಮುಚ್ಚಿದ ಗಾಡಿಯಲ್ಲಿ ತಂಪುಯಂತ್ರ ಒಳಗಿನ ಗಾಳಿಯನ್ನೇ ಮತ್ತೆಮತ್ತೆ ತಿರುಗಿಸುವುದರಿಂದ ಅದು ಒಳಗೇ ಶೇಖರವಾಗುತ್ತದೆ.

ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅದನ್ನು ಅಪ್ಪಿಕೊಳ್ಳುತ್ತದೆ. ಗಾಳಿಯ ಹತ್ತು ಸಾವಿರದಲ್ಲಿ ಎರಡು ಪಾಲಿದ್ದರೆ ಎರಡು ಮೂರು ಗಂಟೆಗಳಲ್ಲಿ ತಲೆನೋವು. ಹದಿನಾರು ಪಾಲಿದ್ದರೆ ಇಪ್ಪತ್ತು ನಿಮಿಷಕ್ಕೇ ತಲೆಸುತ್ತು, ಒಂದೆರಡು ಗಂಟೆಯಲ್ಲಿ ಮರಣ. ಹಳೆಯ ಪೆಟ್ರೋಲ್ ಕಾರುಗಳ ಹೊಗೆಯಲ್ಲಿ ಇದು ಶೇಕಡಾ 3ರವರೆಗೆ ಇರಲು ನಮ್ಮ ನಿಯಮಗಳೇ ಅವಕಾಶ ಕೊಡುತ್ತವೆ. ನಮ್ಮ 3 ಘನಮೀಟರಿನ ಗಾಡಿಯಲ್ಲಿ ಹತ್ತು ಸಾವಿರಕ್ಕೆ ಎರಡು ಪಾಲೆಂದರೆ 0.6 ಲೀಟರ್ ವಿಷಾನಿಲ; ಅದಕ್ಕೆ 20 ಲೀಟರ್ ಹೊಗೆ ಸಾಕು. ಸುಮ್ಮನೆ ನಿಂತು ಓಡುವ ಎಂಜಿನ್ನು ನಿಮಿಷಕ್ಕೆ 150 ಲೀಟರ್ ಹೊಗೆಯುಗುಳುತ್ತದೆಂದರೂ, ಅದು ಎಂಟು ಸೆಕೆಂಡುಗಳ ಉಸಿರು. ಸೋರುವುದು ಅದರ ನೂರರಲ್ಲೊಂದು ಪಾಲಾಗಿ ಒಳಗೆ ಸೇರಿದರೆ ಹದಿಮೂರು ನಿಮಿಷ. ನಾವು ಅಲ್ಲಿ ಕುಳಿತಿದ್ದುದು ಮುಕ್ಕಾಲು ಗಂಟೆ.

ಆದಕಾರಣ ನಮ್ಮ ಅಭಿಪ್ರಾಯವಿದು. ಡಿಸ್ಪೋಸಲ್ ಗಾಡಿಗೆ ತಂಪುಯಂತ್ರ ಹಾಕಿಸುವವರು ಮೊದಲು ಹಣ ಸುರಿಯಬೇಕಾದುದು ಹೊಗೆಕೊಳವೆಗೆ, ನೆಲದ ತಗಡಿಗೆ, ಗೇರಿನ ರಬ್ಬರಿಗೆ, ಆಮೇಲೆ ಚಾವಣಿಗೆ, ಯಂತ್ರಕ್ಕೆ ಕಟ್ಟಕಡೆಯಲ್ಲಿ. ಹೊಗೆಕೊಳವೆಯನ್ನು ಪರೀಕ್ಷಿಸದೆ ಗ್ಯಾಸು ತುಂಬುವುದಿಲ್ಲವೆಂದು ಪ್ರತಿಯೊಬ್ಬ ಮೇಸ್ತ್ರಿಯೂ ಹಟ ಹಿಡಿಯಬೇಕು. ಗಿರಾಕಿ ಕೇಳುವುದು ತಂಪನ್ನು, ಕೊಡುವುದು ತಂಪನ್ನು ಎಂಬ ವಾದವನ್ನು ನಾವು ಕೇಳಿದ್ದೇವೆ. ಅದನ್ನು ಒಪ್ಪಲಾರೆವು. ತೆರೆದ ಗಾಡಿಯನ್ನು ಪೆಟ್ಟಿಗೆಯಾಗಿ ಮಾರ್ಪಡಿಸುವವನು ಆ ಪೆಟ್ಟಿಗೆಯ ಗಾಳಿಗೂ ಹೊಣೆಗಾರನೇ. ಲೆಕ್ಕ ಹಾಕಿಕೊಟ್ಟ ಮೇಷ್ಟ್ರೂ ಆ ಹೊಣೆಯಿಂದ ಹೊರತಲ್ಲ. ಉಷ್ಣದ ಪಾಠದಲ್ಲಿ ನಾವು ಆದರ್ಶ ಪೆಟ್ಟಿಗೆಗಳನ್ನೇ ಬರೆಯುತ್ತೇವೆ. ಅವುಗಳ ಗೋಡೆಗಳಲ್ಲಿ ರಂಧ್ರಗಳೇ ಇರುವುದಿಲ್ಲ.

ಪರೀಕ್ಷೆಗೆ ದುಬಾರಿ ಸಲಕರಣೆ ಬೇಡ. ತಣ್ಣಗಿರುವ ಎಂಜಿನ್ನನ್ನು ಬಯಲಿನಲ್ಲಿ ಚಾಲೂ ಮಾಡಿ, ದಪ್ಪ ಬಟ್ಟೆಯಿಂದ ಹೊಗೆಕೊಳವೆಯ ತುದಿಯನ್ನು ಕ್ಷಣಕಾಲ ಅದುಮಿದರೆ, ಒಡಕಿದ್ದ ಕಡೆ ಬುಸ್ಸೆಂಬ ಶಬ್ದ ಕೇಳಿಸುತ್ತದೆ. ಮಾನಾಕ್ಸೈಡನ್ನು ಕಂಡು ಕೂಗುವ ಬ್ಯಾಟರಿಯ ಪುಟ್ಟ ಉಪಕರಣವೂ ಈಗ ಸಿಗುತ್ತದೆ. ನಮ್ಮ ಮಿತ್ರರ ಗಾಡಿಯಲ್ಲಿ ಒಂದಿದೆ. ರಂಧ್ರಗಳನ್ನು ಹುಡುಕಲು ನಾವು ಮಾಡಿದ ಉಪಾಯ ಇನ್ನೂ ಸರಳ. ಗ್ಯಾಸ್ಕೆಟ್ಟು ಬದಲಾಯಿಸಿದ ದಿನ ರಾತ್ರಿ ದೀಪಗಳನ್ನೆಲ್ಲ ಆರಿಸಿ, ನಾವು ಗಾಡಿಯೊಳಗೆ ಕುಳಿತು ಪರದೆಗಳನ್ನು ಮುಚ್ಚಿಕೊಂಡೆವು. ಮಿತ್ರರು ಟಾರ್ಚು ಹಿಡಿದು ಗಾಡಿಯ ಅಡಿಯಲ್ಲೂ ಬಾನೆಟ್ಟಿನೊಳಗೂ ಮೆಲ್ಲಗೆ ಸುತ್ತಾಡಿಸಿದರು. ಕತ್ತಲಲ್ಲಿ ಒಂದೊಂದೇ ಚುಕ್ಕೆ ಬೆಳಗತೊಡಗಿತು: ಗೇರಿನ ಬುಡದಲ್ಲಿ ಎರಡು, ಪೆಡಲುಗಳ ಹಿಂದೆ ಮೂರು, ತುಕ್ಕು ತಿಂದ ನೆಲದಲ್ಲಿ ಐದು. ಹನ್ನೊಂದನೆಯದು ತಂಪುಯಂತ್ರದ ಕೊಳವೆಯ ಸುತ್ತ ಅರ್ಧಚಂದ್ರನ ಹಾಗೆ ಹೊಳೆಯಿತು. ಅದರ ಬೆಳಕಿನಲ್ಲಿ ಗಡಿಯಾರ ನೋಡಬಹುದಾಗಿತ್ತು.